ಹರಕೆಯ ಟಗರಿನ ಜೊತೆ ನಾಲ್ಕು ತಾಲ್ಲೂಕು

ನಮ್ಮ ಕಡೆ ನಾಯಿಯನ್ನು ಕರೆದುಕೊಂಡು ಟ್ರಿಪ್ ಹೋದರೆ ಜನ ಶೋಕಿ ಅನ್ನುತ್ತಾರೆ. ಟಗರನ್ನು ಕರೆದುಕೊಂಡು ಹೋದರೆ ಹತ್ತಿರ ಬಂದು ಬೆನ್ನು ಹಿಸುಕಿ ನೋಡುತ್ತಾರೆ. ನನ್ನದು ಬನ್ನೂರು ತಳಿ. ಗಿಡ್ಡ ಕಾಲು, ಪೀಪಾಯಿಯಂಥ ಮೈ. ಮಂಡ್ಯ ಜಿಲ್ಲೆಯಲ್ಲಿ ಅದನ್ನು ಕಂಡವರಿಗೆ ಮೊದಲು ನೆನಪಾಗುವುದು ಪ್ರಾಣಿಯಲ್ಲ, ಸಾರು.

ಅಂಥದ್ದನ್ನು ಹಳೇ ವ್ಯಾನಿಗೆ ಹತ್ತಿಸಿಕೊಂಡು ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸುತ್ತಿ ಬಂದೆ. ವ್ಯಾನು ಮೊದಲು ಹೂವಿನ ಮೂಟೆ ಸಾಗಿಸುತ್ತಿತ್ತು. ಎಷ್ಟು ತೊಳೆದರೂ ಒಳಗೆ ಬಾಡಿದ ಸೇವಂತಿಗೆಯ ವಾಸನೆ. ಹಿಂದಿನ ಸೀಟು ಕಿತ್ತು ಹಲಗೆ ಹಾಕಿ, ಒಂದು ಕಡೆ ನನಗೆ ಚಾಪೆ, ಇನ್ನೊಂದು ಕಡೆ ಅದಕ್ಕೆ ಹುಲ್ಲು ಅಂತ ಭಾಗ ಮಾಡಿದ್ದೆ. ಮೊದಲ ದಿನವೇ ಅದು ಚಾಪೆ ತೆಗೆದುಕೊಂಡಿತು. ಹುಲ್ಲಿನ ಮೇಲೆ ನಾನು ಮಲಗಿದೆ.

ಇದೆಲ್ಲಾ ಶುರುವಾಗಿದ್ದು ನನ್ನ ಆಕ್ಸಿಡೆಂಟಿನಿಂದ. ಕಬ್ಬಿನ ಟ್ರೇಲರಿಗೆ ಬೈಕ್ ಗುದ್ದಿದೆ. ಟ್ರೇಲರು ನಿಂತಿತ್ತು. ಓಡುವ ಗಾಡಿಗೆ ಯಾರು ಬೇಕಾದರೂ ಗುದ್ದಬಹುದು, ರಸ್ತೆ ಪಕ್ಕ ಸುಮ್ಮನೆ ನಿಂತ, ಆನೆಯಷ್ಟು ದೊಡ್ಡ ಕಬ್ಬಿನ ಲೋಡನ್ನು ಹುಡುಕಿಕೊಂಡು ಹೋಗಿ ಗುದ್ದುವುದಕ್ಕೆ ಪ್ರತಿಭೆ ಬೇಕು. ನಾನು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದ ಬೆಳಿಗ್ಗೆ ಮನೆಯಲ್ಲಿ ಕುರಿ ಮರಿ ಹಾಕಿತಂತೆ. ಅವ್ವನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿತು. ಐಸಿಯು ಬಾಗಿಲಲ್ಲಿ ನಿಂತಿದ್ದವಳು ಅಲ್ಲೇ ಊರ ದೇವತೆಗೆ ಕೈ ಮುಗಿದು, ಮಗ ಎದ್ದು ಕೂತರೆ ಈ ಮರಿ ನಿನಗೆ ಅಂದುಬಿಟ್ಟಳು. ಅಪ್ಪ ತೀರಿಹೋಗಿ ಬಹಳ ಕಾಲವಾಗಿದೆ. ಅವಳಿಗೆ ಇರುವುದು ನಾನೊಬ್ಬ. ಅದೂ ಇಂಥವನು.

ನಾನು ಎದ್ದು ಕೂತೆ. ಎಡಗೈಯ ಕೊನೇ ಎರಡು ಬೆರಳು ಮಾತ್ರ ಏಳಲಿಲ್ಲ. ಬಿಸಿ, ತಣ್ಣಗೆ ಏನೂ ಗೊತ್ತಾಗುವುದಿಲ್ಲ. ನಿಧಾನಕ್ಕೆ ಬರುತ್ತದೆ ಅಂದರು ಡಾಕ್ಟರು. ಬೆರಳಿನ ವಿಷಯ ಅವರಿಗೆ ಹೇಳಿದೆ, ಉಳಿದದ್ದು ಹೇಳಲಿಲ್ಲ. ನೆಂಟರು ಬಂದು ಮಂಚದ ಪಕ್ಕ ಅಳುತ್ತಿದ್ದರೆ ನಾನು ಅವರು ತಂದ ಕಿತ್ತಳೆಯ ಸಿಪ್ಪೆ ನೋಡುತ್ತಿದ್ದೆ. ದೇವರು ದೊಡ್ಡವನು ಅನ್ನುತ್ತಿದ್ದರು. ಹೌದು ಅನ್ನುತ್ತಿದ್ದೆ. ಜೋಕ್ ಮಾಡುತ್ತಿದ್ದೆ, ಅವರು ನಗುತ್ತಿದ್ದರು. ನನಗೆ ನಗುವೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ.

ವಾಕರ್ ಹಿಡಿದು ಮನೆಗೆ ಬಂದಾಗ ಆ ಮರಿ ನನ್ನ ಮಂಚದ ಕೆಳಗೆ ಸೇರಿಕೊಂಡಿತು. ಡಿಸ್ಚಾರ್ಜ್ ಚೀಟಿಯ ಅರ್ಧ ತಿಂದಿತು. ನಾನು ಹೆಜ್ಜೆ ಹಾಕಿದರೆ ಹೆಜ್ಜೆ ಹಾಕಿತು, ಬಿದ್ದರೆ ಪಕ್ಕದಲ್ಲಿ ನಿಂತು ಕಾಯಿತು. ನೋಡುನೋಡುತ್ತಾ ಟಗರಾಯಿತು. ಆಮೇಲೊಂದು ದಿನ ಅವ್ವ, ಬರುವ ಮಂಗಳವಾರ ಹರಕೆ ತೀರಿಸಿಬಿಡೋಣ ಅಂದಳು.

ನಮ್ಮಲ್ಲಿ ಹರಕೆಯ ಪ್ರಾಣಿಯನ್ನು ಸುಮ್ಮನೆ ಕಡಿಯುವುದಿಲ್ಲ. ಮೈಮೇಲೆ ಅರಿಶಿನದ ನೀರು ಹುಯ್ದು ಕಾಯುತ್ತಾರೆ. ಅದು ಮೈ ಒದರಿದರೆ ದೇವತೆ ಒಪ್ಪಿದಳು ಅಂತ. ಒದರದೆ ನಿಂತರೆ ಒಪ್ಪಲಿಲ್ಲ ಅಂತ. ಆಗ ಯಾರೂ ಮಚ್ಚು ಎತ್ತುವುದಿಲ್ಲ. ನನ್ನ ತಲೆಗೆ ಐಡಿಯಾ ಬಂದದ್ದು ಅಲ್ಲೇ. ನಾಯಿಗೆ ತರಬೇತಿ ಕೊಡುವ ವಿಡಿಯೊಗಳನ್ನು ಮಂಚದ ಮೇಲೆ ಮಲಗಿ ರಾಶಿಗಟ್ಟಲೆ ನೋಡಿದ್ದೆ. ಕೂತರೆ ಬಿಸ್ಕತ್ತು, ನಿಂತರೆ ಬಿಸ್ಕತ್ತು. ಹಾಗಾದರೆ ನೀರು ಬಿದ್ದರೂ ಒದರದ ಟಗರಿಗೆ ಬಾಳೆಹಣ್ಣು. ಮನೆಯಲ್ಲಿ ಮಾಡಿದರೆ ಅವ್ವನಿಗೆ ಗೊತ್ತಾಗುತ್ತದೆ. ವ್ಯಾನು ಇತ್ತು.

"ಅವ್ವ, ದೇವ್ರಿಗೆ ಓಗೋ ಟಗ್ರು, ಪಾಪ ಒಂದ್ ದೇವಸ್ಥಾನನೂ ನೋಡಿಲ್ಲ. ನಾಕ್ ಕಡೆ ದರ್ಶನ ಮಾಡುಸ್ಕಂಡ್ ಬತ್ತೀನಿ," ಅಂದೆ.

ಅವ್ವ ಕಣ್ಣು ಒರೆಸಿಕೊಂಡಳು. "ಇಷ್ಟ್ ಭಕ್ತಿ ಯಾವಾಗ್ ಬಂತ್ಲಾ ನಿಂಗೆ? ಓಗ್ಬುಟ್ಟು ಬಾ. ಎಲ್ಲಾ ಗುಡಿ ಮುಂದೆನೂ ಒಂದೊಂದ್ ಪೋಟೊ ಕಳ್ಸು."

ಸುಳ್ಳಿಗೆ ಇಷ್ಟು ಕೆಲಸ ಇರುತ್ತದೆ ಅಂತ ಗೊತ್ತಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ನದಿ ದಡಕ್ಕೆ ವ್ಯಾನು ನಿಲ್ಲಿಸಿ ಬೆಳಿಗ್ಗೆ ಮೊದಲ ಪಾಠ ಶುರು ಮಾಡಿದೆ. ಬಾಟಲಿಯಲ್ಲಿ ನೀರು ತುಂಬಿ ಬೆನ್ನಿನ ಮೇಲೆ ಹುಯ್ದೆ. ಅದು ಬಟ್ಟೆ ಒಗೆಯುವ ಮಿಷನ್ನಿನ ಹಾಗೆ ಒದರಿತು. ನನ್ನ ಬಾಯಿಗೆಲ್ಲಾ ನೀರು. ಆಮೇಲೆ ಅಲ್ಲಾಡದೆ ನಿಂತಿತು. ಆಹಾ, ನಿಂತಿತಲ್ಲ, ಜಾಣ ಅಂತ ಬಾಳೆಹಣ್ಣು ಕೊಟ್ಟೆ. ಮತ್ತೆ ಹುಯ್ದೆ, ಒದರಿತು, ನಿಂತಿತು, ಕೊಟ್ಟೆ. ಒಂದು ಚಿಪ್ಪು ಖಾಲಿಯಾಗುವ ಹೊತ್ತಿಗೆ ನನ್ನ ಬಗ್ಗೆ ನನಗೇ ಗೌರವ ಬಂದಿತ್ತು.

ಪಕ್ಕದಲ್ಲಿ ಒಬ್ಬರು ತಲೆ ಬೋಳಿಸಿಕೊಂಡು, ಅಸ್ಥಿ ಬಿಟ್ಟು, ಒದ್ದೆ ಪಂಚೆಯಲ್ಲಿ ಮೆಟ್ಟಿಲು ಹತ್ತಿ ಬಂದರು. ಅಳುತ್ತಲೇ ಬಂದವರು ಟಗರಿನ ಬೆನ್ನಿಗೆ ಕೈ ಹಾಕಿ ಹಿಸುಕಿದರು. ಅಳು ನಿಂತಿತು.

"ಏನಪ್ಪಾ, ಕೊಡಾದಾ? ನಮ್ಮಪ್ಪನ್ ತಿಥಿಗೆ ಬೇಕಾಗಿತ್ತು."

"ಇಲ್ಲ ಕಣಣ್ಣ, ಇದು ಟ್ರಿಪ್ ಬಂದದೆ."

ಅವರು ನನ್ನನ್ನೂ, ಅದನ್ನೂ, ಬಾಳೆಹಣ್ಣಿನ ಸಿಪ್ಪೆಯನ್ನೂ ನೋಡಿದರು. "ಬುಡು, ಒಬ್ಬೊಬ್ರಿಗೆ ಒಂದೊಂದ್ ಕಷ್ಟ," ಅಂದು ನನ್ನ ಹೆಗಲು ತಟ್ಟಿ ಹೋದರು. ಅಪ್ಪನನ್ನು ಕಳೆದುಕೊಂಡವರಿಂದ ನನಗೇ ಸಮಾಧಾನ.

ಪಾಂಡವಪುರದ ಆಚೆ ಕೆರೆಯ ಪಕ್ಕದ ಒಂದು ಊರಲ್ಲಿ ಸಂಜೆಗೆ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಹಾಕದೆ ಇಳಿದು ಗುಡಿಯ ಮುಂದೆ ಟಗರಿನ ಫೋಟೊ ತೆಗೆಯುತ್ತಿದ್ದೆ. ವ್ಯಾನು ತನ್ನ ಪಾಡಿಗೆ ತಾನು ಹೊರಟು ಒಂದು ತಿಪ್ಪೆಯ ಮೇಲೆ ಹತ್ತಿ ಕೂತಿತು. ಶಬ್ದಕ್ಕೆ ಜನ ಸೇರಿದರು. ಕಿಟಕಿಗೆಲ್ಲಾ ಪರದೆ, ಒಳಗೆ ಕುರಿ ಹಿಕ್ಕೆ, ಹೊರಗೆ ಗಡ್ಡ ಬಿಟ್ಟ ಹುಡುಗ, ಕೈಯಲ್ಲಿ ಹಗ್ಗ. ಅವರ ಲೆಕ್ಕ ಒಂದೇ ನಿಮಿಷಕ್ಕೆ ಮುಗಿಯಿತು.

"ಯಾವ್ ಊರಿಂದ ಎತ್ತಾಕಂಡ್ ಬಂದ್ಲಾ ಇದ್ನ?"

"ಎತ್ತಾಕಂಡಿಲ್ಲ ಕಣ್ ಗೌಡ್ರೇ, ನಮ್ದೇ."

"ನಿಮ್ದೇ ಆದ್ರೆ ಪರದೆ ಯಾಕ್ಲಾ? ಕುರಿಗೆ ನಾಚ್ಕೆನಾ?"

ಹಿಂದಿನಿಂದ ಇನ್ನೊಬ್ಬರು, "ಓದ್ ತಿಂಗ್ಳು ನಮ್ಮ ಓತ ಓಗಿದ್ದು ಇಂತ ಗಾಡೀಲೇ ಕಣ್ರೋ," ಅಂದರು. ಒಂದು ಕೈ ನನ್ನ ಕಾಲರಿಗೆ ಬಂತು. ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಹೊಡೆದರೆ ಎಡಗೈಗೆ ಹೊಡೆಯಲಿ, ಆ ಎರಡು ಬೆರಳಿಗೆ ಗೊತ್ತಾಗುವುದಿಲ್ಲ ಅಂತ ಯೋಚಿಸುತ್ತಾ ನಿಂತಿದ್ದೆ. ಕೊನೆಗೆ ಫೋನು ತೆಗೆದು ಗುಡಿಗಳ ಮುಂದಿನ ಫೋಟೊ ತೋರಿಸಿದೆ.

"ಕದ್ದಿರೋ ಕುರಿಗೆ ಯಾರಾದ್ರೂ ದೇವ್ರ ದರ್ಶನ ಮಾಡುಸ್ತಾರಾ ಗೌಡ್ರೇ?"

ಅವರು ಫೋನನ್ನು ಟಗರಿನ ಮುಖದ ಪಕ್ಕ ಹಿಡಿದು ಹೋಲಿಸಿ ನೋಡಿದರು. ಅವ್ವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅವ್ವ ಟ್ರೇಲರಿನಿಂದ ಶುರು ಮಾಡಿ, ಐಸಿಯು ಬಾಗಿಲಿಗೆ ಬಂದು, ಮರಿ ಹುಟ್ಟಿದ ಸುದ್ದಿಗೆ ಬರುವಷ್ಟರಲ್ಲಿ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ಕಾಲರ್ ಹಿಡಿದ ಕೈ ನನ್ನ ತಲೆ ಸವರಿತು. ಯಾರೋ ಟಗರಿನ ಹಣೆಗೆ ಕುಂಕುಮ ಇಟ್ಟರು. ಗಂಡಸರೆಲ್ಲಾ ಸೇರಿ ವ್ಯಾನನ್ನು ತಿಪ್ಪೆಯಿಂದ ಇಳಿಸಿಕೊಟ್ಟರು. ಮುದ್ದೆ, ಸೊಪ್ಪಿನ ಸಾರು ಇಕ್ಕಿದರು.

ಹೊರಡುವಾಗ ಆ ಗೌಡರು, "ಉಷಾರಾಗ್ ಕರ್ಕಂಡೋಗು ಮಗ. ಅದು ಟಗ್ರಲ್ಲ, ನಿನ್ ಪ್ರಾಣದ್ ಬದ್ಲಿ ಕೊಡಾದು," ಅಂದರು.

ನಾನು ತಲೆ ಆಡಿಸಿದೆ. ಹಿಂದೆ ಅದು ನನ್ನ ಚಾಪೆಯ ಅಂಚು ತಿನ್ನುತ್ತಿತ್ತು.

ಮಾರನೇ ದಿನ ಕೆ.ಆರ್. ಪೇಟೆ ದಾಟಿ ಸಿಂಧಘಟ್ಟದ ಕೆರೆ ಏರಿಯ ಹತ್ತಿರ ನಿಲ್ಲಿಸಿದೆ. ಬಿಸಿಲಿತ್ತು. ಬಾಯಾರಿಕೆ ಆಗಿ ಬಾಟಲಿ ಎತ್ತಿದೆ, ಕುಡಿಯುವುದಕ್ಕೆ. ಟಗರು ನನ್ನ ಕಡೆ ನೋಡಿತು. ಒಂದು ಹನಿಯೂ ಬಿದ್ದಿರಲಿಲ್ಲ, ಕಿವಿಯಿಂದ ಬಾಲದವರೆಗೆ ಒದರಿತು. ಆಮೇಲೆ ಅಲ್ಲಾಡದೆ ನಿಂತು ನನ್ನ ಬಲಗೈ ನೋಡಿತು.

ಬಾಟಲಿ ಕೆಳಗಿಟ್ಟೆ. ಮತ್ತೆ ಎತ್ತಿದೆ. ಮತ್ತೆ ಒದರಿ, ನಿಂತು, ಕೈ ನೋಡಿತು.

ಏರಿಯ ಮೇಲೆ ಕೂತುಬಿಟ್ಟೆ. ನಾನು ಕಲಿಸಿದ್ದು ಒದರದಿರುವುದನ್ನಲ್ಲ, ಒದರುವುದನ್ನು. ಒದರಿ ನಿಂತರೆ ಬಾಳೆಹಣ್ಣು ಅಂತ ಅದಕ್ಕೆ ಚೆನ್ನಾಗಿ ಅರ್ಥವಾಗಿತ್ತು. ಮಾಮೂಲಿ ಟಗರು ಒದರಿದರೂ ಒದರೀತು, ಬಿಟ್ಟರೂ ಬಿಟ್ಟೀತು. ನನ್ನದು ಮಾತ್ರ ಚೊಂಬು ಕಂಡರೆ ಸಾಕು, ಒಪ್ಪಿಗೆ ಕೊಟ್ಟುಬಿಡುತ್ತದೆ. ನಿಂತ ಟ್ರೇಲರಿಗೆ ಗುದ್ದಿದ್ದಕ್ಕಿಂತ ದೊಡ್ಡ ಸಾಧನೆ ಇನ್ನು ನನ್ನ ಜೀವನದಲ್ಲಿ ಆಗುವುದಿಲ್ಲ ಅಂದುಕೊಂಡಿದ್ದೆ. ಆಯಿತು.

ಕಲಿಸಿದ್ದನ್ನು ಮರೆಸಲು ಸಂಜೆಯವರೆಗೆ ಒದ್ದಾಡಿದೆ. ಹಣ್ಣು ಕೊಡದೆ ಬಾಟಲಿ ತೋರಿಸಿದೆ. ಸಾಲದೇನೋ ಅಂತ ಅದು ಇನ್ನೂ ಜೋರಾಗಿ ಒದರಿತು. ದನಕ್ಕೆ ನೀರು ಕುಡಿಸಲು ಬಂದ ಒಬ್ಬ ಅಜ್ಜಿ ಬಹಳ ಹೊತ್ತು ನೋಡಿ, "ಮಗ, ಕುರಿಗೆ ಜ್ವರನಾ, ನಿಂಗಾ?" ಅಂದಳು. ಎರಡಕ್ಕೂ ಅಂದೆ.

ನಾಗಮಂಗಲದ ಕಡೆ ಹತ್ತಿದಂತೆ ನೆಲ ಒಣಗುತ್ತದೆ. ರಾಗಿ ಹೊಲ, ತೆಂಗು, ಬೆಂಗಳೂರಿನ ಬಸ್ಸು. ಹೊಣಕೆರೆ ಹತ್ತಿರ ಒಂದು ತೋಟದ ಮನೆಯ ಮುಂದೆ ನೀರು ಕೇಳಲು ನಿಂತೆ. ಕುರಿ ಸಾಕಿದ್ದ ಒಬ್ಬ ಅಕ್ಕ ಹೊರಗೆ ಬಂದಳು. ಇಡೀ ಟ್ರಿಪ್ಪಿನಲ್ಲಿ ಬೆನ್ನು ಹಿಸುಕದೆ ಹಲ್ಲು, ಕಾಲು, ಬೀಜ ನೋಡಿದವಳು ಅವಳೊಬ್ಬಳೇ. ಹರಕೆಯದು ಅಂದೆ.

"ಇದ್ನ ಕಡ್ಯಕ್ಕಾ ಸಾಕಿದ್ದೀಯಾ? ಎಂತಾ ತಳಿ ಇದು! ನಂಗ್ ಕೊಡು. ನಮ್ ಕುರಿಗೊಳ್ಗೆ ಇಂತ ಟಗ್ರೇ ಉಡುಕ್ತಿದ್ದೆ. ನಿನ್ ಅರ್ಕೆಗೆ ಬೇರೆ ಟಗ್ರು ಕೊಡ್ತೀನಿ, ಇದುಕ್ಕಿಂತ ದಪ್ಪುಂದು."

ಹಟ್ಟಿಯಿಂದ ಒಂದು ಕಪ್ಪು ಟಗರನ್ನು ಎಳೆದು ತಂದು ನಿಲ್ಲಿಸಿದಳು. ಅದು ನನ್ನನ್ನು ಗುರ್ ಅಂತ ನೋಡಿತು. ಇದಕ್ಕೆ ಏನಾದರೂ ನನಗೇನೂ ಅನ್ನಿಸುವುದಿಲ್ಲ ಅನ್ನಿಸಿತು. ಅನುಕೂಲವೇ. ಅವ್ವನಿಗೆ ಫೋನು ಮಾಡಿದೆ.

ಅವ್ವ ಪೂರ್ತಿ ಕೇಳಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡಿದ್ದೆ.

"ನಾನ್ ಅವತ್ತು ಒಂದ್ ಟಗ್ರು ಅಂತ ಅಂದಿಲ್ಲ ಕಣ್ಲಾ," ಅಂದಳು. "ಈ ಮರಿ ಅಂದಿವ್ನಿ. ನೀನ್ ಕಣ್ ಬುಟ್ಟಿರ್ಲಿಲ್ಲ, ಇದು ಆಗ್ ತಾನೆ ಬುಟ್ಟಿತ್ತು. ದೇವ್ರಿಗೆ ಬದ್ಲಿ ಕೊಟ್ರೆ ಅವ್ಳೂ ಬದ್ಲಿ ತಕತಾಳೆ. ಆಮೇಲ್ ನಿಂಗೇನಾರ ಆದ್ರೆ ನಾ ಯಾರ್ನ ಕೇಳ್ಲಿ?" ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ನಿನ್ನಿಷ್ಟ ಕಣಪ್ಪ. ದೊಡ್ಡೋನಾಗಿದ್ದೀಯ."

ಆ ಕೊನೇ ಮಾತಿಗಿಂತ ಬೈಗುಳ ವಾಸಿ. ಅಕ್ಕನಿಗೆ ಕೈ ಮುಗಿದು, ಟಗರನ್ನು ಹತ್ತಿಸಿ, ಊರಿನ ಕಡೆ ಗಾಡಿ ತಿರುಗಿಸಿದೆ. ದಾರಿಯಲ್ಲಿ ಬಾಟಲಿಯನ್ನು ಸೀಟಿನ ಕೆಳಗೆ ತಳ್ಳಿದ್ದೆ. ಕಣ್ಣಿಗೆ ಬೀಳದಿದ್ದರೆ ಮರೆತೀತು ಅಂತ ಆಸೆ. ಟಗರು ಕಿಟಕಿಗೆ ಮುಖ ಇಟ್ಟು ಗಾಳಿ ಕುಡಿಯುತ್ತಿತ್ತು.

ಮಂಗಳವಾರ ಗುಡಿಯ ಹಿಂದಿನ ಹೊಲದಲ್ಲಿ ಮನೆಯವರಷ್ಟೇ ಸೇರಿದ್ದೆವು. ದೇವತೆಯ ಪೂಜೆ ಮಾಡುವ ಗುಡ್ಡಪ್ಪ ಬೇವಿನ ಸೊಪ್ಪು ಹಿಡಿದಿದ್ದರು. ಚಿಕ್ಕಪ್ಪ ಮಚ್ಚು ಮಸೆದು ತಂದಿದ್ದರು. ಮನೆಯಲ್ಲಿ ಚಿಕ್ಕಮ್ಮ ಬೆಳಿಗ್ಗೆಯೇ ಮಸಾಲೆ ಅರೆದಿದ್ದರು. ಹಗ್ಗ ನನ್ನ ಕೈಯಲ್ಲಿ. ಹರಕೆ ಹೊತ್ತವಳು ಅವ್ವ, ನೀರು ಹುಯ್ಯಬೇಕಾದವಳೂ ಅವಳೇ. ಅರಿಶಿನದ ನೀರಿನ ಚೊಂಬು ಎತ್ತಿದಳು.

ಟಗರು ಚೊಂಬು ಕಂಡಿತು. ಒದರಿತು.

ಚೊಂಬು ಇನ್ನೂ ಅವ್ವನ ಎದೆಯ ಹತ್ತಿರವೇ ಇತ್ತು.

"ಒಪ್ಪುದ್ಲು!" ಅಂದರು ಚಿಕ್ಕಪ್ಪ, ಮಚ್ಚು ಬಲಗೈಗೆ ಬದಲಾಯಿಸುತ್ತಾ.

"ಏ ಇರಪ್ಪ," ಅಂದರು ಗುಡ್ಡಪ್ಪ. "ನೀರೇ ಬಿದ್ದಿಲ್ಲ. ಬೀಳಕ್ ಮುಂಚೆ ಒದುರುದ್ರೆ ಅದೆಂಗ್ ಲೆಕ್ಕಕ್ ಬತ್ತದೆ?"

"ಆತ್ರ ಬಿದ್ದದೆ ಗುಡ್ಡಪ್ಪ. ಅಷ್ಟ್ ಇಷ್ಟ ಅವ್ಳಿಗೆ."

"ಆತ್ರ ಬಿದ್ದಿರಾದು ಅವ್ಳಾ, ನೀನಾ? ಉಯ್ಯವ್ವ ನೀನು."

ಅವ್ವ ಹುಯ್ದಳು. ಅರಿಶಿನದ ನೀರು ಬೆನ್ನಿನಿಂದ ಎರಡೂ ಕಡೆ ಇಳಿಯಿತು. ಟಗರು ಅಲ್ಲಾಡಲಿಲ್ಲ. ತನ್ನ ಕೆಲಸ ಆಗಲೇ ಮುಗಿದಿದೆ, ಇನ್ನು ಬಾಕಿ ನನ್ನದು ಅನ್ನುವ ಹಾಗೆ ನನ್ನ ಬಲಗೈಯನ್ನೇ ನೋಡುತ್ತಾ ನಿಂತಿತು. ಅವ್ವ ಇನ್ನೊಮ್ಮೆ ಹುಯ್ದಳು. ಗುಡ್ಡಪ್ಪ ಸೊಪ್ಪು ಆಡಿಸಿದರು. ಚೊಂಬು ಖಾಲಿಯಾಯಿತು. ಮೂಗಿನ ತುದಿಯಿಂದ ಹಳದಿ ನೀರು ತೊಟ್ಟಿಕ್ಕುತ್ತಿದ್ದರೂ ಅದು ರೆಪ್ಪೆ ಕೂಡ ಬಡಿಯಲಿಲ್ಲ.

ಅವ್ವ ನೆಲದ ಮೇಲೆ ಕೂತಳು. "ಏನ್ ತಪ್ಪಾಯ್ತು ತಾಯಿ? ನನ್ ಮಗುನ್ ಬುಟ್ಟು ಬೇರೆ ಏನಾರ ಕೇಳು," ಅಂತ ಗುಡಿಯ ಕಡೆ ಕೈ ಜೋಡಿಸಿದಳು. ನಾನು ಬಯಸಿದ್ದು ಇದನ್ನೇ, ಟಗರು ಒದರದೆ ನಿಂತಿತ್ತು. ಗೆದ್ದೆ ಅನ್ನಿಸಬೇಕಿತ್ತು. ನಾನು ಅವ್ವನ ರವಿಕೆಗೆ ಚುಚ್ಚಿದ್ದ ಪಿನ್ನು ನೋಡುತ್ತಿದ್ದೆ. ಅದು ಬಿಚ್ಚಿಕೊಂಡಿತ್ತು, ಎಲ್ಲಿ ಚುಚ್ಚಿಬಿಡುತ್ತದೋ ಅಂತ.

"ಅವ್ವ, ಅದು ಬಾಳೆಹಣ್ಗೆ ಕಾಯ್ತಾದೆ," ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಿದೆ. ನದಿ ದಡದ್ದು, ಬಾಟಲಿದು, ಚಿಪ್ಪುಗಟ್ಟಲೆ ಹಣ್ಣಿಂದು. ಚಿಕ್ಕಪ್ಪನಿಗೆ ಮೊದಲು ನಗು ಬಂತು, ಆಮೇಲೆ ಅವ್ವನ ಮುಖ ನೋಡಿ ನಿಲ್ಲಿಸಿಕೊಂಡರು.

"ಅಂಗಾರೆ ಮೊದುಲ್ನೇದೇ ಒಪ್ಗೆ ಅನ್ಕಳಾನ ಅತ್ಗೆ," ಅಂದರು ಮೆಲ್ಲಗೆ.

ಅವ್ವ ಅವರ ಕಡೆ ನೋಡಲಿಲ್ಲ. "ಅದು ನಿನ್ ಪ್ರಾಣ ಕಣ್ಲಾ," ಅಂದಳು ನನಗೆ. "ಅದ್ರಲ್ಲಿ ಆಟ ಆಡ್ದಾ?"

ಜೋಕ್ ಮಾಡಲು ಬಾಯಿ ತೆರೆದೆ. ಒಂದೂ ಸಿಗಲಿಲ್ಲ.

ಅವಳು ಎದ್ದು ಗುಡಿಯ ಮುಂದೆ ಹೋಗಿ ಬಹಳ ಹೊತ್ತು ನಿಂತಳು. ತಿರುಗಿ ಬಂದು ಗುಡ್ಡಪ್ಪನಿಗೆ ಹೇಳಿದಳು, "ಕಳ್ಳಾಟದ್ ಒಪ್ಗೆ ಅವ್ಳಿಗ್ ಬ್ಯಾಡ. ಈ ವರ್ಸ ಕೇಳಾದ್ ಬ್ಯಾಡ. ಬರೋ ವರ್ಸ ಕೇಳ್ತೀನಿ. ಆಗ್ಬೋದಾ?"

"ಅರ್ಕೆ ನಿಂದು. ಕಾಯಿ ಒಡ್ದು ವಾಯ್ದೆ ಕೇಳ್ಕೊ," ಅಂದರು ಅವರು.

ಕಾಯಿ ಒಡೆದಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು. "ಬೀಗದ್ ಕೈ ತತ್ತಾ. ಬೈಕಿಂದೂ, ವ್ಯಾನಿಂದೂ. ಅರ್ಕೆ ತೀರೋಗಂಟ ನೀನು ಗಾಡಿ ಮುಟ್ಟಂಗಿಲ್ಲ. ಕಬ್ಬಿನ್ ಗದ್ದೆ ದಾಟಂಗಿಲ್ಲ."

ಕೊಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಅರ್ದಿರೋ ಮಸಾಲೆ ಏನ್ ಮಾಡಾನ?" ಅಂದರು ಚಿಕ್ಕಪ್ಪ. ಆ ದಿನ ಮಟನ್ ಮಸಾಲೆಗೆ ಅವರೆಕಾಳು ಹಾಕಿ ಸಾರು ಮಾಡಿದರು. ಚಿಕ್ಕಪ್ಪ ಒಂದೊಂದೇ ಕಾಳನ್ನು ಮೂಳೆಯ ಹಾಗೆ ಚೀಪಿದರು.

ಈಗ ವ್ಯಾನು ಹಿತ್ತಲಲ್ಲಿ ನಿಂತಿದೆ. ಟಗರು ಬೇರೆಲ್ಲೂ ಮಲಗುವುದಿಲ್ಲ, ಬಾಗಿಲ ಮುಂದೆ ನಿಂತು ಅರಚುತ್ತದೆ. ಆದ್ದರಿಂದ ಸಂಜೆಯಾದರೆ ಇಬ್ಬರೂ ಅಲ್ಲೇ. ನಾನು ಡ್ರೈವರ್ ಸೀಟಿನಲ್ಲಿ ಸುಮ್ಮನೆ ಸ್ಟೇರಿಂಗ್ ಹಿಡಿದು ಕೂರುತ್ತೇನೆ, ಅದು ಕಿಟಕಿಗೆ ಮುಖ ಇಡುತ್ತದೆ. ಗಾಳಿ ಬರುವುದಿಲ್ಲ, ಎಮ್ಮೆ ಕಾಣುತ್ತದೆ. ಅವ್ವ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಟಗರಿಗೆ ಮಾತ್ರ ಬಾಳೆಹಣ್ಣು ತಂದು ಕೊಡುತ್ತಾಳೆ, ಒದರದಿದ್ದರೂ. ಆದರೆ ಒಳಗೆ ಕೆಲಸ ಮಾಡುತ್ತಾ ಆಗಾಗ ಕೈ ನಿಲ್ಲಿಸಿ ಕೂಗುತ್ತಾಳೆ.

"ಇದ್ದೀಯೇನ್ಲಾ?"

"ಇದ್ದೀನಿ ಕಣವ್ವ."

ಇದನ್ನು ಬರೆಯುತ್ತಿರುವಾಗಲೂ ಒಮ್ಮೆ ಕೂಗಿದಳು. ಉತ್ತರ ಕೊಡಲು ಸ್ವಲ್ಪ ತಡವಾಯಿತು. ಪಾತ್ರೆ ಕೆಳಗಿಟ್ಟು ಹೊರಗೆ ಬಂದು, ನೋಡಿ, ಒಳಗೆ ಹೋದಳು.